ತಿಳಿಸ್ತೀವಿ ಅಂದವರು

ಕೆಲಸಕ್ಕೆ ಸೇರಿ ಇನ್ನೂ ಒಂದು ವಾರ ತುಂಬಿರಲಿಲ್ಲ, ಕಾವ್ಯಶ್ರೀ ತನ್ನ ಹೊಸ ಕುರ್ಚಿಯಲ್ಲಿ ಕೂತು ಸುಳ್ಳು ಹೇಳಿದಳು.

ಹೊನ್ನಾಳಿ ಪೇಟೆ ಮುಗಿದು, ನ್ಯಾಮತಿ ರಸ್ತೆಯಲ್ಲಿ ಗದ್ದೆಗಳು ಶುರುವಾಗುವ ಕಡೆ ಆ ಖಾಸಗಿ ವಸತಿ ಶಾಲೆ ಇತ್ತು. ಕಚೇರಿಯಲ್ಲಿ ಇಬ್ಬರೇ ಗುಮಾಸ್ತರು. ಮಾರುತೇಶ್ ಹಳಬರು, ಕಾವ್ಯಶ್ರೀ ಹೊಸಬಳು. ಅವಳ ಊರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಈಗ ಸಾಸ್ವೆಹಳ್ಳಿಯಲ್ಲಿ ಸೋದರಮಾವ ರಮೇಶನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಜೂನ್ ತಿಂಗಳು, ಮಕ್ಕಳನ್ನು ಸೇರಿಸುವವರ ಗಲಾಟೆ. ಫೋನು ಉಸಿರಾಡಲು ಬಿಡುತ್ತಿರಲಿಲ್ಲ.

ಮೊದಲ ದಿನವೇ ಮಾರುತೇಶ್ ಒಂದು ಮಾತು ಹೇಳಿದ್ದರು. "ಇಂಟರ್‌ವ್ಯೂಗೆ ಬಂದಿದ್ದೋರು ಫೋನ್ ಮಾಡ್ತಾರೆ. ಇನ್ನೂ ತೀರ್ಮಾನ ಆಗಿಲ್ಲ, ತಿಳಿಸ್ತೀವಿ ಅಂತ ಹೇಳಿ ಇಟ್ಬಿಡ್ರಿ. ಎರಡು ಸಲ ಮಾಡಿ ಅವರೇ ಸುಮ್ನಾಗ್ತಾರೆ."

"ತೀರ್ಮಾನ ಆಗೈತಲ್ಲ ಸರ್. ನಾನು ಸೇರಿದೀನಲ್ಲ."

"ಅದನ್ನ ಅವರಿಗೆ ಹೇಳಿ ಏನಾಗ್ಬೇಕು?" ಎಂದು ಮಾರುತೇಶ್ ಕಂಪ್ಯೂಟರಿನ ಕಡೆ ತಿರುಗಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ಉಪ್ಪಿನಕಾಯಿಯನ್ನು ಕೇಳದೆಯೇ ಅವಳ ತಟ್ಟೆಗೆ ಹಾಕುವವರು. ಹಿಂದಿನವರು ಮಾಡಿಕೊಂಡು ಬಂದದ್ದನ್ನು ಮುಂದಿನವರಿಗೆ ಹೇಳಿಕೊಟ್ಟಿದ್ದರು, ಅಷ್ಟೇ.

ಆ ಫೋನು ಬಂದಾಗ ಅವಳು ಎತ್ತಿ ಶಾಲೆಯ ಹೆಸರು ಹೇಳಿದಳು.

"ನಮಸ್ಕಾರ ಮೇಡಂ. ನಾನು ದುರ್ಗಾಂಬಿಕಾ ಅಂತ, ಜಗಳೂರಿಂದ ಮಾತಾಡೋದು. ಹೋದ ತಿಂಗಳು ಕ್ಲರ್ಕ್ ಕೆಲಸದ ಇಂಟರ್‌ವ್ಯೂಗೆ ಬಂದಿದ್ದೆ."

ಹೆಸರು ಹೇಳುವ ಮೊದಲೇ ಕಾವ್ಯಶ್ರೀಗೆ ದನಿ ಗುರುತಾಗಿತ್ತು. ತನ್ನ ದನಿಯನ್ನು ಸಣ್ಣ ಮಾಡಿಕೊಂಡು, ಪೇಟೆಯವರ ಹಾಗೆ ನಾಲಿಗೆ ತಿರುಗಿಸಿ, "ಇನ್ನೂ ತೀರ್ಮಾನ ಆಗಿಲ್ಲ, ತಿಳಿಸ್ತೀವಿ" ಎಂದಳು.

"ಆತು ಮೇಡಂ. ನನ್ ಜೊತೆಗೆ ಕತ್ತಲಗೆರೆ ಹುಡುಗಿ ಒಬ್ಳು ಬಂದಿದ್ಲು, ಕಾವ್ಯಶ್ರೀ ಅಂತ. ಆಕೆಗೂ ಏನೂ ಹೇಳಿಲ್ವಾ?"

"ಯಾರಿಗೂ ಹೇಳಿಲ್ಲ."

"ಹಂಗಾ. ಆತು ಬಿಡ್ರಿ. ನಿಮ್ ಕೆಲಸದಾಗೆ ತೊಂದ್ರೆ ಕೊಟ್ಟೆ."

ಫೋನು ಇಟ್ಟ ಮೇಲೂ ಕಾವ್ಯಶ್ರೀಯ ಕೈ ಅದರ ಮೇಲೆಯೇ ಇತ್ತು. ಮಾರುತೇಶ್ ತಲೆ ಎತ್ತದೆಯೇ, "ಹಂಗೇ ಹೇಳ್ಬೇಕು ನೋಡ್ರಿ" ಎಂದರು.

ಸಂದರ್ಶನ ನಡೆದದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ. ಬೆಳಗ್ಗೆ ಬೇಗ ಬನ್ನಿ ಎಂದಿದ್ದರು. ಬಂದವರನ್ನು ಒಳಗೆ ಕರೆಯುವವರಿಲ್ಲ. ಮೂಲ ಅಂಕಪಟ್ಟಿಗಳನ್ನು ಕಿಟಕಿಯಲ್ಲೇ ಇಸಿದುಕೊಂಡು, ಆಚೆ ಇರಿ ಎಂದರು. ಬೆಂಚುಗಳೆಲ್ಲ ತರಗತಿಯೊಳಗೆ ಬೀಗದಲ್ಲಿದ್ದವು. ಹಾಗಾಗಿ ವರಾಂಡದ ಮೆಟ್ಟಿಲ ಮೇಲೆ, ನೆರಳು ಸರಿದ ಹಾಗೆ ತಾವೂ ಸರಿಯುತ್ತ, ಹತ್ತಾರು ಜನ ಕೂತಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಬಸವರಾಜಪ್ಪನವರ ಕಾರು ಬಂದದ್ದು ಮಧ್ಯಾಹ್ನಕ್ಕೆ. ಬಂದವರು ನೇರ ಊಟಕ್ಕೆ ಕೂತರು. ಒಳಗೆ ತಟ್ಟೆಗಳ ಸದ್ದು, ಹೊರಗೆ ಒಗ್ಗರಣೆಯ ವಾಸನೆ. ಕುಡಿಯಲು ನೀರು ಕೇಳಿದ ಒಬ್ಬ ಹುಡುಗನಿಗೆ ಆಯಾ, "ಒಳಗೆ ಮೀಟಿಂಗ್ ನಡೀತೈತೆ, ಆಮೇಲೆ" ಎಂದಿದ್ದಳು.

ಹತ್ತು ಗಂಟೆಗೆ ಮುಗಿಯುತ್ತದೆಂದು ಕಾವ್ಯಶ್ರೀ ಊಟ ತಂದಿರಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ತನ್ನ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, "ತಗಾ, ಹಸಿದು ಒಳಗೆ ಹೋದ್ರೆ ಮಾತೇ ಬರಲ್ಲ" ಎಂದು ಕೈಗಿಟ್ಟಳು. ಅವಳೇ ದುರ್ಗಾಂಬಿಕಾ. ಕಾವ್ಯಶ್ರೀಗಿಂತ ನಾಲ್ಕೈದು ವರ್ಷ ದೊಡ್ಡವಳು. ಕತ್ತಲಿರುವಾಗಲೇ ಎದ್ದು ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಹೊನ್ನಾಳಿಗೆ ಬಂದಿದ್ದಳು. ಐದು ನಿಮಿಷದಲ್ಲಿ ಇವಳು ಅವಳನ್ನು ಅಕ್ಕ ಎಂದಳು. ಅವಳು ಇವಳನ್ನು ಮೊದಲಿನಿಂದಲೂ ನೀನು ಎಂದೇ ಮಾತಾಡಿಸಿದ್ದಳು.

ಕನ್ನಡ ಟೈಪಿಂಗ್ ಪರೀಕ್ಷೆ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಕಾವ್ಯಶ್ರೀಗೆ ಇಂಗ್ಲಿಷ್ ಟೈಪಿಂಗ್ ಮಾತ್ರ ಬರುತ್ತಿತ್ತು. ಅವಳ ಮುಖ ಇಳಿದದ್ದು ನೋಡಿ ದುರ್ಗಾಂಬಿಕಾ ಮಂಡಿಯ ಮೇಲೆ ಫೈಲನ್ನು ಕೀಬೋರ್ಡಿನ ಹಾಗೆ ಇಟ್ಟುಕೊಂಡು ತೋರಿಸಿಕೊಟ್ಟಳು. "ಒತ್ತಕ್ಷರಕ್ಕೆ ಹೆದರ್ಬೇಡ. ಮೊದ್ಲು ಅಕ್ಷರ, ಆಮೇಲೆ ಎಫ್ ಒತ್ತು, ಆಮೇಲೆ ಇನ್ನೊಂದು ಅಕ್ಷರ. ಅಷ್ಟೇಯ. ಎಲ್ಲಿ, ನಿನ್ ಹೆಸರೇ ಹೊಡಿ ನೋಡಾನ." ಕೆಲಸ ಒಂದೇ, ಬಂದವರು ಹಲವರು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕಲಿಸಿದಳು.

ದುರ್ಗಾಂಬಿಕಾಳನ್ನು ಮೊದಲು ಕರೆದರು. ಹೋದಷ್ಟೇ ಬೇಗ ಹೊರಗೆ ಬಂದಳು. ಟೈಪಿಂಗ್ ಕೇಳಲಿಲ್ಲವಂತೆ. ಮುಂದಿನ ಹೆಸರು ಕಾವ್ಯಶ್ರೀಯದು. ಒಳಗೆ ಕಾಲಿಟ್ಟಾಗ ಮೇಜಿನ ಆ ಕಡೆಯ ನಾಲ್ವರೂ ನಗುತ್ತಿದ್ದರು. ಅವರಲ್ಲೊಬ್ಬರು ಇವಳ ಕಡೆ ತಿರುಗಿ, "ಪುಣ್ಯಕ್ಕೆ ಜಗಳೂರಿನಾಕೆ ಜಗಳ ತೆಗೀದೆ ಹೋದ್ಲು" ಎಂದರು. ಮತ್ತೆ ನಗು. ಕಾವ್ಯಶ್ರೀಯೂ ನಕ್ಕಳು. ಬಾಯಿ ಮುಚ್ಚಿಕೊಂಡ ಸಣ್ಣ ನಗುವಲ್ಲ, ಹಲ್ಲು ಕಾಣುವ ನಗು. ಅವಳ ನಾಲಿಗೆಯ ಮೇಲೆ ಇನ್ನೂ ಶೇಂಗಾ ಚಟ್ನಿಯ ಖಾರ ಇತ್ತು.

ಬಸವರಾಜಪ್ಪನವರು ಅವಳ ಅರ್ಜಿ ನೋಡಲಿಲ್ಲ. "ರಮೇಶಣ್ಣ ಹೆಂಗಿದಾರಮ್ಮ? ಅಡಿಕೆ ಕೊಟ್ರಂತಾ, ಇನ್ನೂ ಇಟ್ಕಂಡಿದಾರಾ?" ಎಂದು ಮಾವನ ವ್ಯಾಪಾರ ವಿಚಾರಿಸಿದರು. ಇಷ್ಟೇ ಸಂದರ್ಶನ. ಆಗಲೇ ಅರ್ಥವಾಗಬೇಕಿತ್ತು. ಅರ್ಥವಾಗಿಯೂ ಇತ್ತು.

ಹೊರಗೆ ಬಂದಾಗ ದುರ್ಗಾಂಬಿಕಾ ಚೀಲ ಹೆಗಲಿಗೇರಿಸಿಕೊಂಡು ಇವಳಿಗಾಗಿ ಕಾದು ನಿಂತಿದ್ದಳು. "ಟೈಪಿಂಗ್ ಹೆಂಗಾತು?" ಎಂದು ಕೇಳಿದಳು.

"ಪರವಾಗಿಲ್ಲ ಅಕ್ಕ" ಎಂದಿದ್ದಳು ಕಾವ್ಯಶ್ರೀ. ಹಾಗೆ ನೋಡಿದರೆ ಮೊದಲ ಸುಳ್ಳು ಅದು.

ಹದಿನೈದು ದಿನ ಕಳೆದು ಫೋನು ಮತ್ತೆ ಬಂತು.

"ಮೇಡಂ, ಜಗಳೂರಿನ ದುರ್ಗಾಂಬಿಕಾ. ದಾವಣಗೆರೆಯಾಗೆ ಒಂದು ಕಡೆ ನನ್ನ ಕರೆದಿದಾರೆ. ಬರೋ ಸೋಮವಾರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗಂಡು ಬಂದು ಸೇರ್ಕಬೇಕಂತೆ. ನನ್ನವು ನಿಮ್ಮಲ್ಲೇ ಅದಾವೆ. ನಿಮ್ಮಲ್ಲಿ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡ್ರಿ ಮೇಡಂ, ನಾನೇನೂ ತಪ್ಪು ತಿಳಿಯಲ್ಲ. ಬಂದು ಇಸ್ಕಂಡು ಹೋಗ್ತೀನಿ."

ಕಾವ್ಯಶ್ರೀ ಫೋನಿಗೆ ಅಂಗೈ ಅಡ್ಡ ಹಿಡಿದು ಮಾರುತೇಶರನ್ನು ಕೇಳಿದಳು.

"ಈಗಲೇ ಬ್ಯಾಡ" ಎಂದರು ಅವರು. "ಸೇರಿದೋರು ಬಿಟ್ಟು ಹೋದ್ರೆ ಇನ್ನೊಬ್ರು ಕೈಯಾಗಿರ್ಬೇಕಲ್ಲ. ನೀವೇ ನಾಳೆ ಮದುವೆ ಗಿದುವೆ ಅಂತ ಹೊಂಟ್ರೆ?"

ಬೇಕಿದ್ದರೆ ಅವಳು ಇನ್ನೊಂದು ಮಾತು ಕೇಳಬಹುದಿತ್ತು. ಬಸವರಾಜಪ್ಪ ಸಾಹೇಬರ ಹತ್ತಿರ ನಾನೇ ಮಾತಾಡುತ್ತೇನೆ ಎನ್ನಬಹುದಿತ್ತು. ಆದರೆ ಅವಳ ತಲೆಯಲ್ಲಿ ಓಡಿದ್ದೇ ಬೇರೆ. ಅಂಕಪಟ್ಟಿ ಕೊಡುವುದಾದರೆ ದುರ್ಗಾಂಬಿಕಾ ಇಲ್ಲಿಗೆ ಬರುತ್ತಾಳೆ. ಬಂದರೆ ಈ ಕುರ್ಚಿಯ ಎದುರಿಗೇ ನಿಲ್ಲುತ್ತಾಳೆ.

"ಇನ್ನೊಂದು ವಾರ ನೋಡ್ರಿ" ಎಂದಳು, ಅದೇ ಸಣ್ಣ ದನಿಯಲ್ಲಿ. "ಸಾಹೇಬ್ರು ಊರಾಗಿಲ್ಲ."

"ಸೋಮವಾರ ದಾಟ್ತೈತೆ ಮೇಡಂ."

"ನಾನೇನೂ ಮಾಡಾಕಾಗಲ್ಲ."

"ಸರಿ ಮೇಡಂ" ಎಂದಿತು ಆ ಕಡೆಯ ದನಿ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ಸಂಜೆ ಕತ್ತಲಗೆರೆಯಿಂದ ತಾಯಿ ಕಸ್ತೂರಮ್ಮ ಫೋನು ಮಾಡಿದಳು. ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳಂತೆ, ಅಷ್ಟು ಜನ ಬಂದಿದ್ದರೂ ನನ್ನ ಮಗಳನ್ನೇ ಆರಿಸಿಕೊಂಡರು ಎಂದು. ಮಾವನ ಹೆಂಡತಿ ಸುನೀತಾ ಅಡುಗೆಮನೆಯಿಂದಲೇ, "ಹೌದು ಮತ್ತೆ, ನಮ್ಮ ಹುಡುಗಿ ಏನು ಕಮ್ಮಿ" ಎಂದು ಕೂಗಿ ಹೇಳಿದಳು. ಕಾವ್ಯಶ್ರೀ ಅನ್ನ ಕಲಸಿಕೊಂಡು ಕೂತವಳು ತಟ್ಟೆಯಲ್ಲೇ ಕೈ ತೊಳೆದಳು. ಹೊಟ್ಟೆ ಸರಿಯಿಲ್ಲ ಎಂದಳು.

ಆ ಮೇಲೆ ಕಚೇರಿಯ ಫೋನು ಬಡಿದಾಗಲೆಲ್ಲ ಅವಳು ಮಾರುತೇಶರೇ ಎತ್ತಲೆಂದು ಕಾಯುತ್ತಿದ್ದಳು. ಎಲ್ಲೋ ಜಗಳೂರು ಬಸ್ಸಿನ ಬೋರ್ಡು ಕಂಡರೆ ಮುಖ ತಿರುಗಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು. ನೋಟಿಸು ಟೈಪು ಮಾಡುವಾಗ ಒಂದೊಂದು ಒತ್ತಕ್ಷರಕ್ಕೂ ಬೆರಳು ಎಫ್ ಮೇಲೆ ಹೋಗುತ್ತಿತ್ತು. ಕಲಿಸಿದವಳ ಹೆಸರಿನಲ್ಲೇ ಒಂದು ಒತ್ತಕ್ಷರ ಇದೆಯಲ್ಲ ಎಂದು ಒಂದು ದಿನ ಹೊಳೆದು, ಸುಮ್ಮನೆ ಕಿಟಕಿಯಾಚೆ ನೋಡಿದಳು.

ಜುಲೈ ತಿಂಗಳ ಒಂದು ಜಿಟಿಜಿಟಿ ಮಳೆಯ ದಿನ, ಗೇಟಿನ ಹತ್ತಿರ ಕೊಡೆ ಮಡಿಸುತ್ತ ಒಬ್ಬ ಹೆಂಗಸು ಕಾವಲುಗಾರನ ಜೊತೆ ಮಾತಾಡುತ್ತಿದ್ದದ್ದು ಕಿಟಕಿಯಿಂದ ಕಂಡಿತು. ನಿಲುವು ನೋಡಿಯೇ ಕಾವ್ಯಶ್ರೀಗೆ ತಿಳಿಯಿತು. ಎದ್ದಳು. "ಸರ್, ಸ್ವಲ್ಪ ನೀವೇ ಮಾತಾಡ್ರಿ" ಎಂದಷ್ಟೇ ಹೇಳಿ, ಹಿಂದಿನ ಸಾಮಾನು ಕೋಣೆಗೆ ಹೊಕ್ಕು ಬಾಗಿಲು ಮುಂದೆ ಮಾಡಿಕೊಂಡಳು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಮುರಿದ ಗ್ಲೋಬು, ಸುಣ್ಣದ ವಾಸನೆ. ಗೋಡೆಗೆ ಒರಗಿ ನಿಂತಳು.

ಮಾತೆಲ್ಲ ಕೇಳುತ್ತಿತ್ತು.

"ಸಾಹೇಬ್ರು ಇಲ್ಲಮ್ಮ. ಸೋಮವಾರ ಬಾ."

"ಜಗಳೂರಿಂದ ಬಂದೀನಿ ಸರ್. ಮಾರ್ಕ್ಸ್ ಕಾರ್ಡ್ ಕೊಟ್ರೆ ಸಾಕು. ಕೆಲಸದ ವಿಷಯ ಕೇಳಾಕೆ ಬಂದಿಲ್ಲ."

"ನಾನು ಹೆಂಗೆ ಕೊಡಾಕಾಗ್ತೈತೆ? ಅವ್ರು ಹೇಳ್ಬೇಕು."

ಕುರ್ಚಿ ಎಳೆದ ಸದ್ದು ಕೇಳಲಿಲ್ಲ. ನಿಲ್ಲಿಸಿಯೇ ಮಾತಾಡುತ್ತಿದ್ದಾರೆ ಎಂದುಕೊಂಡಳು ಕಾವ್ಯಶ್ರೀ. ಸ್ವಲ್ಪ ಹೊತ್ತಿಗೆ ದುರ್ಗಾಂಬಿಕಾಳ ದನಿ, "ಫೋನಿನಾಗೆ ಮಾತಾಡ್ತಾರಲ್ಲ ಮೇಡಂ, ಅವರನ್ನೊಂದು ಸಲ ನೋಡಬೋದಾ?" ಎಂದಿತು.

ಮಾರುತೇಶ್ ಸಾಮಾನು ಕೋಣೆಯ ಕಡೆ ನೋಡಿರಬೇಕು. "ಅವರು ಇವತ್ತು ರಜ."

"ಹಂಗಾ. ಬಂದಿದ್ದೆ ಅಂತ ಹೇಳ್ರಿ."

ಹೆಜ್ಜೆ ಸದ್ದು ವರಾಂಡ ದಾಟಿತು. ಕಾವ್ಯಶ್ರೀ ಹೊರಗೆ ಬಂದಾಗ ಸಿಮೆಂಟು ನೆಲದ ಮೇಲೆ ಒದ್ದೆ ಚಪ್ಪಲಿಯ ಗುರುತು ಮೇಜಿನವರೆಗೂ ಇತ್ತು. ಮಾರುತೇಶ್ ಏನೂ ಕೇಳಲಿಲ್ಲ. ಆದರೆ ಅವರಿಗೆ ತಿಳಿದಿತ್ತು ಎಂಬುದು ಅವರು ಕೇಳದಿದ್ದದ್ದರಲ್ಲೇ ಗೊತ್ತಾಯಿತು. ಮಧ್ಯಾಹ್ನ ಅವರು ಉಪ್ಪಿನಕಾಯಿ ಹಾಕಲು ಬಂದಾಗ ಕಾವ್ಯಶ್ರೀ ಬೇಡ ಎಂದಳು.

ಆ ವಾರದ ಕೊನೆಗೆ ಬಸವರಾಜಪ್ಪನವರು ಸಹಿ ಹಾಕಲು ಬಂದರು. ಕಾಗದಗಳನ್ನು ಮುಂದಿಟ್ಟು ಕಾವ್ಯಶ್ರೀ ಅಲ್ಲೇ ನಿಂತಳು.

"ಸರ್, ಇಂಟರ್‌ವ್ಯೂಗೆ ಬಂದಿದ್ದೋರಿಗೆ ಆಗಿಲ್ಲ ಅಂತ ಹೇಳ್ಬಿಡ್ಲಾ?"

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಇಲ್ಲ ಅಂತ ಹೇಳಿ ಯಾಕಮ್ಮ ಮನಸು ನೋಯಿಸ್ತೀಯ? ನಾವು ಸುಮ್ನಿದ್ರೆ ಅವರೇ ಅರ್ಥ ಮಾಡ್ಕಂತಾರೆ. ಅದು ಮರ್ಯಾದೆ."

"ಅರ್ಥ ಮಾಡ್ಕಂಡಿಲ್ಲ ಸರ್. ಜಗಳೂರಿಂದ ಒಬ್ರು ಮಳ್ಯಾಗೆ ಬಂದು ಹೋದ್ರು. ಅವರ ಮಾರ್ಕ್ಸ್ ಕಾರ್ಡ್ ನಮ್ಮಲ್ಲೇ ಅದಾವೆ. ಬ್ಯಾರೆ ಕಡೆ ಸಿಕ್ಕಿದ್ದ ಕೆಲಸ ಅದರಿಂದ ತಪ್ಪಿರ್ಬೋದು."

"ಇನ್ನೂ ಇಟ್ಕಂಡಿದೀರಾ?" ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಮಾರುತೇಶ್, ಕೊಟ್ಟು ಕಳಿಸ್ರಿ ಮಾರಾಯ್ರೆ, ನಮಗ್ಯಾಕೆ ಅವು." ಮತ್ತೆ ಸಹಿ ಹಾಕತೊಡಗಿದರು.

ಇಷ್ಟೇ. ಒಂದು ಪ್ರಶ್ನೆ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ತನ್ನನ್ನು ಯಾರೋ ತಡೆದಿದ್ದಾರೆ, ತಾನು ಸಂಬಳದವಳು, ತನ್ನ ಕೈಯಲ್ಲಿ ಏನಿದೆ ಎಂದು ಇಷ್ಟು ದಿನ ಹೇಳಿಕೊಂಡಿದ್ದಳಲ್ಲ, ಆ ನೆವವೂ ಕೈಜಾರಿತು. ಯಾರೂ ತಡೆದಿರಲಿಲ್ಲ. ಅವಳು ಕೇಳಿರಲಿಲ್ಲ.

ಉಳಿದವರಿಗೆಲ್ಲ ಆ ಮಧ್ಯಾಹ್ನವೇ ಫೋನು ಮಾಡಿ, ಕೆಲಸ ಆಗಿಲ್ಲ ಎಂದು ಹೇಳಿ, ದಾಖಲೆಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಹಾಕಿದಳು. ಒಬ್ಬ, "ಇದನ್ನ ಹೇಳಾಕೆ ಇಷ್ಟು ದಿನ ಬೇಕಾತಾ?" ಎಂದು ಬೈದ. ಚನ್ನಗಿರಿಯ ಒಬ್ಬಾಕೆಗೆ ಇಂಥದೊಂದು ಕೆಲಸಕ್ಕೆ ಅರ್ಜಿ ಹಾಕಿದ್ದೇ ನೆನಪಿರಲಿಲ್ಲ. ದುರ್ಗಾಂಬಿಕಾಳ ನಂಬರಿಗೆ ಬಂದಾಗ ಬೆರಳು ನಿಂತಿತು. ಫೋನಿನಲ್ಲಿ ಹೇಳಿದ್ದನ್ನು ಫೋನಿನಲ್ಲೇ ತಿದ್ದಲು ಮನಸ್ಸು ಬರಲಿಲ್ಲ. ಅರ್ಜಿಯಲ್ಲಿದ್ದ ವಿಳಾಸ ಬರೆದುಕೊಂಡು, ಭಾನುವಾರ ಬೆಳಗ್ಗೆ ದಾವಣಗೆರೆ ಬಸ್ಸು ಹತ್ತಿದಳು. ಮಾವನಿಗೆ ಗೆಳತಿಯ ಮನೆಗೆ ಎಂದಳು.

ದಾವಣಗೆರೆ ದಾಟಿದ ಮೇಲೆ ಹಸಿರು ತೆಳ್ಳಗಾಯಿತು. ಗದ್ದೆ ತೋಟ ನೋಡಿದ ಕಣ್ಣಿಗೆ ಆ ಕೆಂಪು ನೆಲ, ಮೊಣಕಾಲೆತ್ತರದ ಮೆಕ್ಕೆಜೋಳ, ದೂರದೂರದ ಬೇವಿನ ಮರಗಳು ಹೊಸದು. ಈ ದಾರಿಯಲ್ಲಿ ದುರ್ಗಾಂಬಿಕಾ ಎರಡು ಸಲ ಬಂದುಹೋಗಿದ್ದಾಳೆ ಎಂಬುದೊಂದೇ ಯೋಚನೆ. ಜಗಳೂರಿನಲ್ಲಿ ಇಳಿದು ಮೂರು ಕಡೆ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ತಗಡಿನ ಮಾಡು, ಗುಡಿಸಿ ಸಾರಿಸಿದ ಅಂಗಳ. ಬಾಗಿಲಲ್ಲಿ ವಯಸ್ಸಾದ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ದುರ್ಗಾಂಬಿಕಾಳ ತಾಯಿ ಸಾವಂತ್ರಮ್ಮ.

"ದುರ್ಗಾಂಬಿಕಾ ಅವರ ಮನೆ ಇದೇನಾ? ನಾನು ಹೊನ್ನಾಳಿ ಸ್ಕೂಲಿಂದ ಬಂದೀನಿ."

ಮುದುಕಿ ಮೊರ ಕೆಳಗಿಟ್ಟಳು. ಮುಖವೆಲ್ಲ ಬೆಳಕಾಯಿತು. "ಹೊನ್ನಾಳಿಯಿಂದಾ? ಕೆಲಸ ಆತೇನ್ರವ್ವ? ಆರ್ಡರ್ ತಂದೀರಾ?"

ಕಾವ್ಯಶ್ರೀ ಬಾಯಿ ತೆರೆಯುವಷ್ಟರಲ್ಲಿ ಸಾವಂತ್ರಮ್ಮ ಅವಳ ಕೈಯಲ್ಲಿದ್ದ ಫೈಲನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಒಳಗೆ ಹೋಗಿ ಗೂಡಿನಲ್ಲಿದ್ದ ದೇವರ ಪಟದ ಮುಂದೆ ಇಟ್ಟಳು. ಕುಂಕುಮದ ಭರಣಿ ಹಿಡಿದು ಹೊರಗೆ ಬಂದು, "ದೇವರು ನಡೆಸಿದ ನೋಡ್ರಿ. ನನ್ ಮಗಳು ಬಾಳ ಕಾದ್ಲು" ಎನ್ನುತ್ತ ಇವಳ ಹಣೆಗಿಡಲು ಬೆರಳು ಎತ್ತಿದಳು.

"ಅಮ್ಮಾ, ಇಡಬ್ಯಾಡ್ರಿ" ಎಂದು ಕಾವ್ಯಶ್ರೀ ಹಿಂದೆ ಸರಿದಳು. "ಆರ್ಡರ್ ಅಲ್ಲ ಅದು. ಮಾರ್ಕ್ಸ್ ಕಾರ್ಡು. ಕೆಲಸ ಆಗಿಲ್ಲ."

ಎತ್ತಿದ ಬೆರಳು ಹಾಗೇ ನಿಂತಿತು. ಸಾವಂತ್ರಮ್ಮ ಕುಂಕುಮವನ್ನು ಸೆರಗಿನ ಅಂಚಿಗೆ ಒರೆಸಿಕೊಂಡಳು. ಒಂದು ಗಳಿಗೆ ಇವಳನ್ನೇ ನೋಡಿ, "ಇದನ್ನ ಹೇಳಾಕೆ ಅಷ್ಟು ದೂರದಿಂದ ಬಂದೀರಾ? ಕುತ್ಕಳ್ರಿ. ಬಿಸಿಲಾಗೆ ಬಂದೀರಿ. ಚಾ ಕಾಸ್ತೀನಿ" ಎಂದು ಚಾಪೆ ಹಾಸಿದಳು. ಕಾವ್ಯಶ್ರೀಗೆ ನೆಲವೇ ಬಾಯಿಬಿಡಬಾರದೇ ಎನ್ನಿಸಿತು. ಶಾಲೆಯವರಾದ ತಾವು ಇವಳ ಮಗಳಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

ದುರ್ಗಾಂಬಿಕಾ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದಳು. ಊಟಕ್ಕೆ ಮನೆಗೆ ಬಂದವಳು ಚಾಪೆಯ ಮೇಲೆ ಕೂತವಳನ್ನು ನೋಡಿ ಹೊಸ್ತಿಲಲ್ಲಿ ನಿಂತಳು.

"ಬಂದ್ರಾ" ಎಂದಳು.

ಮೆಟ್ಟಿಲ ಮೇಲೆ ರೊಟ್ಟಿ ಕೊಟ್ಟಾಗ 'ತಗಾ' ಎಂದವಳು ಈಗ 'ಬಂದ್ರಾ' ಎಂದಳು. ಆ ಬಹುವಚನ ಕಾವ್ಯಶ್ರೀಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಅಕ್ಕ, ಫೋನಿನಾಗೆ ಮಾತಾಡ್ತಿದ್ದಿದ್ದು ನಾನೇ."

"ಗೊತ್ತೈತೆ."

"ಯಾವಾಗ ಗೊತ್ತಾತು?"

"ಮೊದಲ್ನೇ ಸಲನೇ. ದನಿ ಸಣ್ಣ ಮಾಡಿದ್ರೆ ಗುರುತು ಸಿಗಲ್ವಾ? ಅದಕ್ಕೇ ನಿಮ್ ಹೆಸರು ತೆಗೆದು ಕೇಳಿದೆ. ಹೂಂ ಅಕ್ಕ, ನನಗಾತು ಅಂತೀರೇನೋ ಅನ್ಕಂಡೆ." ಅವಳು ಕಾಲು ತೊಳೆದುಕೊಂಡು ಬಂದು ಎದುರಿಗೆ ಕೂತಳು. ಫೈಲನ್ನು ದೇವರ ಮುಂದಿನಿಂದ ತೆಗೆದು, ಒಂದೊಂದೇ ಅಂಕಪಟ್ಟಿಯನ್ನು ಬಿಡಿಸಿ ನೋಡಿದಳು.

"ಮತ್ತೆ ಸುಮ್ನಿದ್ರಲ್ಲ. ಆಫೀಸಿಗೆ ಬಂದಾಗ ಮಾರುತೇಶ್ ಸರ್‌ಗೆ ಹೇಳಬೋದಿತ್ತು."

"ಏನಂತ? ನಿಮ್ಮಾಕೆ ಸುಳ್ಳು ಹೇಳ್ತಾಳೆ ಅಂತಾನಾ? ಹೊಸದಾಗಿ ಸೇರೀರಿ, ನಾನ್ಯಾಕೆ ನಿಮ್ ಅನ್ನಕ್ಕೆ ಕಲ್ಲು ಹಾಕ್ಲಿ?"

ಒಳಗಿನಿಂದ ಪಾತ್ರೆಯ ಸದ್ದು ನಿಂತಿತ್ತು. ಸಾವಂತ್ರಮ್ಮ ಕೇಳಿಸಿಕೊಳ್ಳುತ್ತಿದ್ದಳು.

"ದಾವಣಗೆರೆಯ ಕೆಲಸ?" ಕಾವ್ಯಶ್ರೀ ಕೇಳಿದಳು.

"ಸೋಮವಾರ ಜೆರಾಕ್ಸ್ ತಗಂಡು ಹೋದೆ. ಒರಿಜಿನಲ್ ಇಲ್ದೆ ಆಗಲ್ಲ ಅಂದ್ರು. ಆಗಲ್ಲ ಅಂತ ನೇರ ಹೇಳಿದ್ರು, ಅಷ್ಟು ಒಳ್ಳೇದಾತು." ಅವಳು ಪಟ್ಟಿಗಳನ್ನು ಮತ್ತೆ ಜೋಡಿಸಿದಳು. "ನೋಡ್ರಿ, ನಿಮಗೆ ಕೆಲಸ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನಿನಗಾಗಿಲ್ಲ ಅಂದಿದ್ರೆ ಒಂದಿನ ಅತ್ತು ಮುಗಿಸ್ತಿದ್ದೆ. ನೀವು ತಿಂಗಳುಗಟ್ಟಲೆ ಕಾಯಿಸಿದ್ರಿ."

ಕಾವ್ಯಶ್ರೀಯ ಕಣ್ಣು ತುಂಬಿತು. ಎಲ್ಲವನ್ನೂ ಕಕ್ಕಿಬಿಡಬೇಕು, ಆಗ ಹಗುರಾದೀತು ಎನ್ನಿಸಿತು. ತಡೆಯಲಾಗದೆ, ಅವತ್ತು ಒಳಗೆ ಅವರು ಜಗಳೂರಿನಾಕೆ ಜಗಳ ಎಂದು ಆಡಿದ್ದನ್ನು, ಎಲ್ಲರೂ ನಕ್ಕದ್ದನ್ನು, "ನಾನೂ ನಕ್ಕೆ ಅಕ್ಕ" ಎಂಬುದನ್ನೂ ಹೇಳಿದಳು.

ದುರ್ಗಾಂಬಿಕಾಳ ಕೈ ನಿಂತಿತು. ಮುಖದಲ್ಲಿ ಮೊದಲ ಸಲ ಏನೋ ಕದಡಿತು.

"ಅದು ನನಗೆ ಕೇಳಿರಲಿಲ್ಲ" ಎಂದಳು ನಿಧಾನವಾಗಿ. "ಇಷ್ಟು ದಿನ ಕೇಳಿರಲಿಲ್ಲ. ಈಗ ಯಾಕೆ ಹೇಳಿದ್ರಿ? ನಿಮಗೆ ಹಗುರಾಗ್ಲಿ ಅಂತಾನಾ?"

ಅದು ನಿಜವಾಗಿತ್ತು. ಕೊಟ್ಟುಹೋಗಲು ಬಂದವಳು ಇನ್ನೊಂದನ್ನು ಕಿತ್ತುಕೊಂಡಿದ್ದಳು.

ಚಹಾ ಬಂತು, ಜೊತೆಗೆ ಮಂಡಕ್ಕಿ. ಸಾವಂತ್ರಮ್ಮ, "ಕುಡೀರಿ, ಆರ್ತೈತೆ" ಎಂದಳು. ಮೊದಲಿನಷ್ಟೇ ಮರ್ಯಾದೆ, ಬರೀ ಕಣ್ಣು ಬೇರೆ ಕಡೆ. ಕಾವ್ಯಶ್ರೀ ಬಿಸಿ ಚಹಾವನ್ನು ಹಾಗೇ ನುಂಗಿದಳು. ಎದ್ದು ನಿಂತಾಗ, "ಮನಸಿನಾಗೆ ಇಟ್ಕಬ್ಯಾಡ ಅಕ್ಕ" ಎಂದಳು.

ದುರ್ಗಾಂಬಿಕಾ ಫೈಲನ್ನು ಪಕ್ಕಕ್ಕಿಟ್ಟಳು. "ಅದು ಆಗಲ್ರೀ. ಆಗಲ್ಲ ಅಂತ ಈಗ್ಲೇ ಹೇಳ್ತಿದೀನಿ, ಆಮೇಲೆ ಆದೀತೇನೋ ಅಂತ ನೀವು ಕಾಯೋದು ಬ್ಯಾಡ." ಹೇಳುವಾಗ ದನಿಯಲ್ಲಿ ಕಹಿ ಇರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದು ಓಣಿಯ ತಿರುವಿನವರೆಗೂ ಜೊತೆಗೆ ನಡೆದಳು. "ಬಲಕ್ಕೆ ಹೋಗ್ರಿ. ದಾವಣಗೆರೆ ಬಸ್ಸು ಅಲ್ಲೇ ನಿಲ್ತೈತೆ" ಎಂದು ತೋರಿಸಿ, ಇವಳು ಸರಿಯಾದ ಕಡೆಗೇ ತಿರುಗುವವರೆಗೂ ನೋಡಿ ಹಿಂದಿರುಗಿದಳು.

ಹಿಂಗಾರಿನ ಹೊತ್ತಿಗೆ ಶಾಲೆಯಲ್ಲಿ ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಸಂದರ್ಶನ ಕರೆದರು. ಕಾವ್ಯಶ್ರೀ ಹಿಂದಿನ ದಿನವೇ ಒಂದು ತರಗತಿಯ ಬೀಗ ತೆಗೆಸಿ ಬೆಂಚುಗಳನ್ನು ಒರೆಸಿದಳು. ಕುಡಿಯುವ ನೀರಿನ ಕ್ಯಾನು ತಂದಿಡಿಸಿದಳು. ಮೂಲ ದಾಖಲೆಗಳನ್ನು ನೋಡಿ ಅಲ್ಲೇ ಅವರವರ ಕೈಗೆ ವಾಪಸು ಕೊಟ್ಟಳು. ಕೆಲಸ ಆದರೂ ಸರಿ, ಆಗದಿದ್ದರೂ ಸರಿ, ಫೋನು ಮಾಡುತ್ತೇನೆ ಎಂದು ಎಲ್ಲರಿಗೂ ಹೇಳಿದಳು. ಆ ಕೆಲಸವೂ ಯಾರಿಗೆ ಸಿಗಬೇಕೆಂದು ಮೊದಲೇ ಗೊತ್ತಾಗಿತ್ತು. ಅದನ್ನು ಬದಲಿಸುವುದು ಅವಳಿಂದಾಗಲಿಲ್ಲ. ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದವರ ಮುಖ ನೋಡುವಾಗ ಅವಳಿಗೆ ಅದೂ ಗೊತ್ತಿತ್ತು.

ಒಂದೆರಡು ದಿನ ಬಿಟ್ಟು ಫೋನು ಹಿಡಿದು ಕೂತಳು. ನ್ಯಾಮತಿಯ ಸಿದ್ದು ಎಂಬ ಹುಡುಗ, "ಯಾಕಾಗಲಿಲ್ಲ ಮೇಡಂ? ನನ್ನಲ್ಲಿ ಏನು ಕಮ್ಮಿ ಇತ್ತು ಹೇಳ್ರಿ" ಎಂದು ಕೇಳಿದ.

ಎದುರಿಗೆ ಮಾರುತೇಶ್ ಬೇಡ ಎಂಬಂತೆ ಕೈಯಾಡಿಸಿದರು.

"ನಿಮ್ಮಲ್ಲೇನೂ ಕಮ್ಮಿ ಇರಲಿಲ್ಲ" ಎಂದಳು ಕಾವ್ಯಶ್ರೀ, ತನ್ನದೇ ದನಿಯಲ್ಲಿ.

ಆ ಕಡೆಯಿಂದ ಅವನು ಬೈಯತೊಡಗಿದ. ಹಾಗಾದರೆ ಯಾಕೆ ಕರೆದಿರಿ, ಬಸ್ಸಿನ ಕಾಸು ನಿಮ್ಮಪ್ಪ ಕೊಡ್ತಾನಾ ಎಂದ. ಕಾವ್ಯಶ್ರೀ ಫೋನನ್ನು ಕಿವಿಯಿಂದ ದೂರ ಮಾಡಲಿಲ್ಲ. ಅವನು ಸುಸ್ತಾಗಿ ನಿಲ್ಲಿಸುವವರೆಗೂ ತಲೆ ತಗ್ಗಿಸಿ ಕೇಳಿಸಿಕೊಂಡಳು.